ಬಣ್ಣ ಮಾತ್ರ ಬದಲಿಸಬೇಡ

ಹಬ್ಬಕ್ಕೆ ಚಳ್ಳಕೆರೆಗೆ ಹೋದವನು ಈ ಸಲ ಲ್ಯಾಪ್‌ಟಾಪ್ ಮುಚ್ಚಿಟ್ಟು ಎಮರಿ ಪೇಪರ್ ಹಿಡಿದೆ. ಅಪ್ಪನಿಗೆ ಪಾರ್ಶ್ವವಾಯು ಆದಾಗಿನಿಂದ ನಮ್ಮ ಹಳೇ ಟಾಟಾ 207 ಹುಣಸೆಮರದ ಕೆಳಗೇ ನಿಂತಿತ್ತು. ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಹೊತ್ತ ಗಾಡಿ ಅದು. ನನ್ನ ಇಂಜಿನಿಯರಿಂಗ್ ಫೀಸು ಹುಟ್ಟಿದ್ದೂ ಅದರ ಬಾಡಿಗೆಯಲ್ಲೇ.

ಎಂಜಿನ್ ಕೆಲಸ ಮೇಸ್ತ್ರಿಗೆ ಬಿಟ್ಟೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮುಗಿಸೋಣ ಅಂತಿದ್ದೆ. ‘ಒಳಗೆ ತಿನ್ನೋದು ನಿಲ್ಲಲ್ಲ ಕಣೋ, ತಗಡು ಹೊಳೆಯೋವರೆಗೂ ಉಜ್ಜು’ ಅಂದ್ರು ಅಪ್ಪ. ಮೊದಲು 80 ನಂಬರ್ ಪೇಪರ್, ಆಮೇಲೆ 220. ಬರೀ ತಗಡನ್ನು ಹಾಗೇ ಬಿಟ್ಟರೆ ಮತ್ತೆ ತುಕ್ಕು ಹಿಡಿಯುತ್ತೆ, ಹಾಗಾಗಿ ಉಜ್ಜಿದ ದಿನವೇ ರೆಡ್ ಆಕ್ಸೈಡ್. ಅದು ಒಣಗಿದ ಮೇಲೆ ಪುಟ್ಟಿ, ಆಮೇಲೆ 400ರ ಪೇಪರಿನಲ್ಲಿ ನೀರು ಹಾಕಿ ತಿಕ್ಕೋದು. ನಮ್ಮೂರಿನ ಗಾಳಿ, ಧೂಳು ಗೊತ್ತಲ್ಲ? ಗಾಳಿ ಏಳೋ ಮೊದಲೇ, ಬೆಳಗ್ಗೆ ಆರಕ್ಕೆ ಅಂಗಳಕ್ಕೆ ನೀರು ಚಿಮುಕಿಸಿ, ಮಾಸ್ಕ್ ಹಾಕಿ ಸ್ಪ್ರೇ ಮಾಡಿದೆ.

ಕಪ್ಪು ಹೊಡೆಯೋ ಆಸೆ ನನಗೆ. ‘ಬೇಡ, ಆರ್‌ಸಿಯಲ್ಲೂ ಬದಲಾಯಿಸ್ಬೇಕಾಗುತ್ತೆ. ನೀಲೀನೇ ಇರ್ಲಿ’ ಅಂದ್ರು.

ಮರುತಿಂಗಳು ಎಫ್‌ಸಿ ಮುಗಿಸಿ ಮೊಳಕಾಲ್ಮೂರಿಗೆ ಹೊರಟೆವು. ಅಪ್ಪ ಪಕ್ಕದ ಸೀಟಲ್ಲಿ. ದಾರಿಯಲ್ಲಿ ಒಬ್ಬ ಅಜ್ಜ ದೂರದಿಂದಲೇ ಕೈ ಅಡ್ಡ ಹಿಡಿದ. ‘ನೀಲಿ ಗಾಡಿ ನೋಡಿ ನೀನೇ ಅನ್ಕಂಡೆ. ಎಲ್ಲೋಗಿದ್ದೆ ಇಷ್ಟ್ ದಿನ?’

ಆರ್‌ಸಿ ಬರೀ ನೆಪ ಅಂತ ಆಗ ಗೊತ್ತಾಯ್ತು.

ಅಪ್ಪ ನನ್ನ ಕಡೆ ತೋರಿಸಿ, ‘ಗಾಡಿ ಇಲ್ಲೇ ಇತ್ತು. ಡ್ರೈವರ್ ಬೆಂಗಳೂರಲ್ಲಿದ್ದ’ ಅಂದ್ರು.