ಕಾಡಿನ ಲೆಕ್ಕ ನಮಗೂ ಬರುತ್ತದೆ

ಹೆಬ್ರಿಯಿಂದ ಆಗುಂಬೆ ಘಾಟಿಯ ಕಡೆ ಹೊರಟರೆ ಸೋಮೇಶ್ವರ ಸಿಗುತ್ತದೆ. ಅಲ್ಲಿನ ಕಾಡಿಗೆ ಸರ್ಕಾರ 1974ರಲ್ಲಿ ಅಭಯಾರಣ್ಯ ಎಂದು ಹೆಸರಿಟ್ಟಿತು. ಅಭಯ ಯಾರಿಗೆ? ಬುಟ್ಟಿ ಹೆಣೆಯಲು ಬಳ್ಳಿ ತರುತ್ತಿದ್ದ ನಮ್ಮ ಅಜ್ಜಿಯಂದಿರಿಗಂತೂ ಅಲ್ಲ. ಕಾಡಿನ ಹುಲಿಗೆ ಹೆದರದವರು ಖಾಕಿ ಬಟ್ಟೆ ಕಂಡರೆ ಕತ್ತಿ ಮುಚ್ಚಿಕೊಂಡು ಓಡುತ್ತಿದ್ದರು.

ಅವರ ಮೊಮ್ಮಕ್ಕಳು ನಾವು. ಕೊರಗರಿದ್ದೇವೆ, ಮಲೆಕುಡಿಯರಿದ್ದೇವೆ, ಕುಡುಬಿಯರಿದ್ದೇವೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಸರ್ಟಿಫಿಕೇಟು ಕಂಡವರು. ಈಗ ಸ್ನಾತಕೋತ್ತರ ತರಗತಿಯಲ್ಲಿ ಹವಾಮಾನ ಬದಲಾವಣೆ, ಅರಣ್ಯ ನೀತಿ ಓದುತ್ತಿದ್ದೇವೆ. "ಎಂತ ಓದ್ತಿದ್ದೀರಿ ಮಕ್ಳೇ?" ಎಂದು ಕೇರಿಯಲ್ಲಿ ಕೇಳುತ್ತಾರೆ. ಕಾಡಿನ ಬಗ್ಗೆ ಅಂದರೆ ನಗುತ್ತಾರೆ. "ಅದನ್ನು ಓದ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ರೇ?"

ಹೋದ ಮೇಲೆ ಗೊತ್ತಾಯಿತು, ನಮಗಿಂತ ಮೊದಲೇ ನಮ್ಮ ಅಜ್ಜಿಯಂದಿರು ಆ ತರಗತಿಗೆ ಬಂದಿದ್ದಾರೆ. ನೋಟ್ಸಿನಲ್ಲಿದ್ದಾರೆ. ಕಾಡು ನಾಶದ ಕಾರಣಗಳ ಪಟ್ಟಿಯಲ್ಲಿದ್ದಾರೆ. ಸೌದೆ ಹೊರುವವರು, ದನ ಮೇಯಿಸುವವರು, ಬಳ್ಳಿ ಕೊಯ್ಯುವವರು. ಇದಕ್ಕೆಲ್ಲ ಸೇರಿ 'ಜೈವಿಕ ಒತ್ತಡ' ಎಂಬ ಹೆಸರು. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರುತ್ತದೆ. ಹೆತ್ತವರ ಹೆತ್ತವರನ್ನು ಅಪರಾಧಿಗಳೆಂದು ಬರೆದು ನಾವು ಐದು ಮಾರ್ಕು ತೆಗೆದುಕೊಳ್ಳಬೇಕು!

ಸ್ವಾಮಿ, ಕಾಡು ಹಾಳಾದದ್ದು ಸುಳ್ಳೆಂದು ನಾವು ಹೇಳುತ್ತಿಲ್ಲ. ಮಳೆಯ ಲೆಕ್ಕ ತಪ್ಪಿರುವುದು ನಿಮಗಿಂತ ಮೊದಲು ಗೊತ್ತಾದದ್ದು ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಿಗೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಬಿದ್ದದ್ದನ್ನು ಕಂಡಿದ್ದೇವೆ. ನಾವು ಕೇಳುವುದು ಇಷ್ಟೆ: ಪಟ್ಟಿಯಲ್ಲಿ ನಮ್ಮ ಹೆಸರು ಮಾತ್ರ ಎಂತಕ್ಕೆ? ಉಳಿದವರ ಲೆಕ್ಕ ಎಲ್ಲಿ?

ಹಳೆಯ ಕಡತದಿಂದಲೇ ಸುರು ಮಾಡುವ. ನಮ್ಮ ಜಿಲ್ಲೆ ಆಗ ಮದ್ರಾಸಿನ ಕೈಯಲ್ಲಿತ್ತು. 1856ರಲ್ಲಿ ಕ್ಲೆಗಾರ್ನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿ ಕಾಡಿನ ಮೊದಲ ಕನ್ಸರ್ವೇಟರ್ ಆದ. ಗುಡ್ಡದಲ್ಲಿ ಕುಮ್ರಿ ಬೇಸಾಯ ಮಾಡುತ್ತಿದ್ದವರು ಅವನ ಕಣ್ಣಿಗೆ ಕಾಡಿನ ಶತ್ರುಗಳು. ಕುಮ್ರಿ ನಿಂತಿತು. ಕುಡುಬಿಯರು ಕಾಚು ಕುದಿಸುವ ಕೂಲಿಗಿಳಿದರು. ಅದೇ ಹೊತ್ತಿನಲ್ಲಿ ರೈಲು ಹಳಿಯ ಅಡಿಗೆ ಹಾಸಲು ದಿಮ್ಮಿ ಉರುಳಿಸಿದವರು ಅರಣ್ಯ ರಕ್ಷಕರೆನಿಸಿದರು.

ಬಿಳಿಯರು ಹೋದರು, ಲೆಕ್ಕದ ಪುಸ್ತಕ ಉಳಿಯಿತು. ಕುದುರೆಮುಖವನ್ನೇ ನೋಡಿ. 1969ರಲ್ಲಿ ಕಬ್ಬಿಣದ ಅದಿರಿಗೆ ಗುತ್ತಿಗೆ ಸಿಕ್ಕಿತು. 1987ರಲ್ಲಿ ಅದೇ ಸೀಮೆಯ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಒಳಗಿದ್ದ ಮಲೆಕುಡಿಯರಿಗೆ ಎತ್ತಂಗಡಿಯ ಭಯ ಹುಟ್ಟಿತು. ಗಣಿ ಮಾತ್ರ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟ ಮೇಲೂ 2005ರ ಕೊನೆಯವರೆಗೆ ನಡೆಯಿತು. ಬೆಟ್ಟ ಅಗೆಯುವುದು ಅಭಿವೃದ್ಧಿ, ಬಳ್ಳಿ ಕೊಯ್ಯುವುದು ಒತ್ತಡ!

ಇನ್ನು ಕಾಡು ಎಂದರೆ ಯಾವುದು? ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಕಾರ 1 ಹೆಕ್ಟೇರು ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಶೇಕಡ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದ್ದೇ ಇರಲಿ, ಮರ ಯಾವುದೇ ಇರಲಿ. ಧಣಿಯ ರಬ್ಬರ್ ತೋಟವೂ ಲೆಕ್ಕಕ್ಕೆ ಬಂತು, ಆಸ್ಟ್ರೇಲಿಯಾದ ಅಕೇಶಿಯಾ ನೆಡುತೋಪೂ ಬಂತು. ಆ ಅಕೇಶಿಯಾದೊಳಗೆ ಬುಟ್ಟಿಗಾಗುವ ಒಂದು ಬಳ್ಳಿ ಹುಡುಕಿಕೊಡಿ ನೋಡುವ. ಕಾಗದದಲ್ಲಿ ಕಾಡು ಬೆಳೆಯುತ್ತದೆ, ಕೊರಗರ ಅಂಗಳದಲ್ಲಿ ಬುಟ್ಟಿ ನಿಲ್ಲುತ್ತದೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ಕಾಯ್ದೆ ಈ ಲೆಕ್ಕಕ್ಕೆ ಹಣದ ಪೆಟ್ಟಿಗೆಯನ್ನೂ ಮಾಡಿಕೊಟ್ಟಿತು: ಇಲ್ಲಿ ಕಡಿ, ಹಣ ಕಟ್ಟು, ಇನ್ನೆಲ್ಲೋ ಗಿಡ ನೆಡು, ಸರಿಯಾಯಿತು.

ಹೊಗೆಯ ಲೆಕ್ಕವೂ ಹಾಗೆಯೇ. ಇದೇ ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಎಲ್ಲೂರಿನಲ್ಲಿ, ಸಮುದ್ರದಾಚೆಯ ಕಲ್ಲಿದ್ದಲು ಸುಡಲು ಕಟ್ಟಿದ 1200 ಮೆಗಾವಾಟಿನ ಸ್ಥಾವರ ಉಂಟು. ಆ ಹೊಗೆಯ ಇಂಗಾಲವನ್ನು ಹೀರುವ ತೊಟ್ಟಿಯಾಗಿ ಘಟ್ಟದ ಕಾಡು ಬೇಕು. ತೊಟ್ಟಿಗೆ ಕೈ ಹಾಕಬೇಡಿ ಎಂಬ ಉಪದೇಶ ನಮಗೆ. ಕೇರಿಯ ಒಲೆಯ ಹೊಗೆ ಮತ್ತು ಆ ಚಿಮಣಿಯ ಹೊಗೆ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದೇ?

"ಹಾಗಾದರೆ ಆ ಪಾಠವನ್ನೇ ಸುಟ್ಟುಹಾಕಿ, ಅದನ್ನು ಓದುವುದು ಯಾಕೆ?" ಎಂದು ಸಂಗಾತಿಗಳಲ್ಲಿ ಕೆಲವರು ಕೇಳುತ್ತಾರೆ. ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ, ಮುಂದೆ ಲಂಡನ್ನಿಗೆ ಹೋಗಿ ಓದಿದ್ದು ಏನು? ಸಾಮ್ರಾಜ್ಯದ ಖಜಾನೆಯ ಲೆಕ್ಕ, ರೂಪಾಯಿಯ ಲೆಕ್ಕ. ಆಳುವವರ ಪುಸ್ತಕ ಅವರಿಗಿಂತ ಚೆನ್ನಾಗಿ ಬಲ್ಲವನ ಪ್ರಶ್ನೆಗೆ ಆಳುವವರು ಉತ್ತರ ಕೊಡಲೇಬೇಕಾಗುತ್ತದೆ.

ಅದಕ್ಕೇ ನಾವು ಓದುವುದು ಅವರಿಗೆ ಸಹಿಸದು. ಉದ್ಯಾನದೊಳಗಿನ ಕುತ್ಲೂರಿನ ಮಲೆಕುಡಿಯ ಯುವಕನೊಬ್ಬ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುತ್ತಿದ್ದ. 2012ರಲ್ಲಿ ನಕ್ಸಲ್ ನಂಟಿನ ಆರೋಪ ಹೊರಿಸಿ ತಂದೆಯ ಜೊತೆಗೇ ಅವನನ್ನು ಬಂಧಿಸಿದರು. ಕೋಳ ತೊಟ್ಟ ಕೈಯಲ್ಲೇ ಪರೀಕ್ಷೆ ಬರೆದ. 2021ರಲ್ಲಿ ನ್ಯಾಯಾಲಯ ಇಬ್ಬರೂ ನಿರ್ದೋಷಿಗಳೆಂದಿತು. ಆ ಒಂಬತ್ತು ವರ್ಷಗಳ ಲೆಕ್ಕ ಯಾವ ಪಠ್ಯದಲ್ಲಿದೆ?

ನಮ್ಮ ಪರ ಬರೆದ ಒಂದು ಪುಟವೂ ಉಂಟು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನಕ್ಕೆ ಆದದ್ದು ಐತಿಹಾಸಿಕ ಅನ್ಯಾಯ ಎಂದು ಒಪ್ಪಿಕೊಂಡಿತು. ಆದರೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಕುಡುಬಿಯರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸ ತೋರಿಸಬೇಕು. 1930ರಲ್ಲಿ ಅಕ್ಷರವೇ ಕಾಣದ ಮನೆಯಲ್ಲಿ ಯಾವ ಕಾಗದ ಹುಡುಕುವುದು? ಹಳ್ಳಿಯ ಮೇಷ್ಟ್ರೇ, ಇಲ್ಲಿ ನಿಮ್ಮ ಕೆಲಸವಿದೆ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದನ್ನೂ ಸಾಕ್ಷಿಯಾಗಿ ಪರಿಗಣಿಸಬೇಕೆಂದು ಅದೇ ಕಾಯ್ದೆಯ ನಿಯಮ ಹೇಳುತ್ತದೆ. ಅರ್ಜಿ ಸುರುವಾಗುವುದು ಗ್ರಾಮಸಭೆಯಲ್ಲಿ, ಆಫೀಸಿನಲ್ಲಿ ಅಲ್ಲ. ಒಂದು ಸಂಜೆ ನೋಟುಪುಸ್ತಕ ಹಿಡಿದು ಹಿರಿಯರ ಮುಂದೆ ಕೂತುಕೊಳ್ಳಿ. ಯಾವ ಬನ, ಯಾವ ತೋಡು, ಯಾವ ಹಳೆಯ ಮನೆಯ ಪಂಚಾಂಗ, ಯಾವ ಗೋರಿ, ಎಲ್ಲ ಬರೆದುಕೊಳ್ಳಿ. ಅವರು ಹೋದ ಮೇಲೆ ಆ ಸಾಕ್ಷಿ ಸಿಗುವುದಿಲ್ಲ.

ವಿದ್ಯಾರ್ಥಿ ಗೆಳೆಯರೇ, ಸೀಟು ಸಿಕ್ಕರೆ ಬಿಡಬೇಡಿ. ಹೋಗಿ, ಓದಿ. ನಮ್ಮನ್ನು ಸರ್ವೆಯ ಫಾರಮ್ಮಿನಲ್ಲಿ ತುಂಬಿಕೊಂಡು ಪಿಎಚ್.ಡಿ. ಪಡೆದವರು ಬೇಕಾದಷ್ಟಿದ್ದಾರೆ. ಫಾರಂ ಬರೆಯುವ ಕಡೆ ನಾವಿರಬೇಕು. ಯಾವ ಬಳ್ಳಿ ಯಾವ ತಿಂಗಳು ಕೊಯ್ದರೆ ಮತ್ತೆ ಚಿಗುರುತ್ತದೆಂದು ಬಲ್ಲವರನ್ನು ತರಗತಿಗೆ ಕರೆದು ಕುರ್ಚಿ ಕೊಡಿ ಎಂದು ಕೇಳುವ. ಪಾಠ ಕನ್ನಡದಲ್ಲಿಯೂ ಇರಲಿ ಎಂದು ಹಟ ಹಿಡಿಯುವ.

ಆ ಐದು ಮಾರ್ಕಿನ ಪ್ರಶ್ನೆ ಮುಂದಿನ ಸಲವೂ ಬರುತ್ತದೆ. ಗಣಿ, ದಿಮ್ಮಿ, ಕಲ್ಲಿದ್ದಲು, ರಬ್ಬರ್, ಎಲ್ಲವನ್ನೂ ಇಸವಿ ಸಮೇತ ಬರೆಯುತ್ತೇವೆ. ಮಾರ್ಕು ಕೊಡದಿದ್ದರೆ ಮರುಮೌಲ್ಯಮಾಪನಕ್ಕೆ ಹಾಕುತ್ತೇವೆ. ಅಜ್ಜಿಯ ಹೆಸರನ್ನು ಮಾತ್ರ ಆ ಪಟ್ಟಿಯಲ್ಲಿ ಬರೆಯುವುದಿಲ್ಲ.