ಕಣ್ಣಂದಾಜಿನ ಸ್ಲೋಪು ಇನ್ನು ಸಾಕು ಮಾಡುವ

ಇವತ್ತು ಅಡಕೆ ವಿಷಯ ಅಲ್ಲ. ಬಚ್ಚಲು ನೀರಿನ ವಿಷಯ. ಮೂಗು ಮುಚ್ಚಿಕೊಂಡಾದರೂ ಓದಿ.

ಹೋದ ಆಟಿಯಲ್ಲಿ ನಮ್ಮ ಹೊಸ ಬಚ್ಚಲಿನಲ್ಲಿ ನೀರು ಇಳಿಯದೆ ನಿಂತಿತು. ಮಳೆ ಜಾಸ್ತಿ, ಟ್ಯಾಂಕ್ ತುಂಬಿರಬೇಕು ಅಂತ ಸುಮ್ಮನಾದೆವು. ಎಂಟು ದಿನ ಕಳೆದ ಮೇಲೆ ಬಾವಿ ನೀರಿಗೆ ಸಣ್ಣ ವಾಸನೆ. ಪರೀಕ್ಷೆ ಮಾಡಿಸಿದರೆ ಕೋಲಿಫಾರ್ಮ್ ಉಂಟು ಅಂತ ಬಂತು. ಆ ಹೊತ್ತಿಗೆ ಮನೆಯ ಇಬ್ಬರು ಮಕ್ಕಳಿಗೆ ವಾಂತಿ ಭೇದಿ ಆಗಿ ಹೋಗಿತ್ತು. ಬಾವಿ ನೀರಿನಿಂದಲೇ ಅಂತ ಡಾಕ್ಟ್ರು ಹೇಳಲಿಲ್ಲ, ನನಗೆ ಮಾತ್ರ ಸಂಶಯ ಇಲ್ಲ.

ಮಣ್ಣು ಬಿಡಿಸಿ ನೋಡಿದೆವು. ಬಚ್ಚಲಿನಿಂದ ಸೆಪ್ಟಿಕ್ ಟ್ಯಾಂಕಿಗೆ 60 ಅಡಿ, 4 ಇಂಚಿನ ಪೈಪು. ಇಷ್ಟು ಉದ್ದಕ್ಕೆ ಸಿಕ್ಕಿದ ಇಳಿತ ಒಟ್ಟು 8 ಇಂಚು. ಅದರಲ್ಲೂ ಮೊದಲ 40 ಅಡಿಗೆ ಬರೀ 2 ಇಂಚು, ಉಳಿದ 6 ಇಂಚು ಕೊನೆಯ 20 ಅಡಿಯಲ್ಲಿ. ನಡುವೆ ಹೊಸತಾಗಿ ಮಣ್ಣು ತುಂಬಿಸಿದ ಜಾಗದಲ್ಲಿ ಪೈಪು ತೊಟ್ಟಿಲಿನ ಹಾಗೆ ಜಗ್ಗಿತ್ತು. ಆ ತೊಟ್ಟಿಲಲ್ಲಿ ಗಟ್ಟಿ ನಿಂತು, ಜಾಯಿಂಟ್ ಸಡಿಲಾಗಿ, ಮುರಕಲ್ಲಿನ ತೂತುಗಳಲ್ಲಿ ಇಳಿದದ್ದು ನೇರ ಬಾವಿಯ ಕಡೆಗೆ. ಮಳೆಗಾಲದಲ್ಲಿ ನಮ್ಮ ಬಾವಿಗಳಲ್ಲಿ ಕೈಗೆ ಸಿಗುವಷ್ಟು ಮೇಲೆ ನೀರು ಇರ್ತದೆ. ಮುರಕಲ್ಲು ಸೋಸುವುದಿಲ್ಲ, ಸಾಗಿಸ್ತದೆ.

ಮೇಸ್ತ್ರಿಯನ್ನು ಕೇಳಿದೆ. "ಸ್ಲೋಪ್ ಕೊಟ್ಟಿದ್ದೇನೆ ಅಣ್ಣ, ಕಣ್ಣಿಗೆ ಕಾಣ್ತದಲ್ಲ" ಅಂದರು. ನನ್ನ ಜಗಳ ಇರುವುದು ಈ ಕಣ್ಣಿನ ಹತ್ತಿರ. ಗೋಡೆಗೆ ತೂಕದ ಗುಂಡು ಬೇಕು, ಟೈಲ್ಸಿಗೆ ರಸಮಟ್ಟ ಬೇಕು, ಮಣ್ಣಿನಡಿ ಹೋಗುವ ಪೈಪಿಗೆ ಮಾತ್ರ ಕಣ್ಣು ಸಾಕಾ? ಗುಡ್ಡೆ ಬದಿಯ ಜಾಗದಲ್ಲಿ ಕಣ್ಣು ಮೋಸ ಮಾಡುವಷ್ಟು ಬೇರೆ ಯಾವುದೂ ಮಾಡುವುದಿಲ್ಲ. ಸುತ್ತ ಎಲ್ಲ ಇಳಿಜಾರು ಇರುವಾಗ ಮಟ್ಟ ಇದ್ದದ್ದೂ ಇಳಿದ ಹಾಗೆ, ಇಳಿದದ್ದು ಏರಿದ ಹಾಗೆ ಕಾಣ್ತದೆ.

ಮೇಸ್ತ್ರಿಯನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ತಪ್ಪು ಶುರುವಾದದ್ದು ನನ್ನಿಂದ. ಬೇರೆ ಕೆಲಸಕ್ಕೆ ಮೆಷಿನ್ ಬಂದಿತ್ತು, ಇರುವಾಗಲೇ ಟ್ಯಾಂಕಿನ ಗುಂಡಿಯೂ ಆಗಲಿ ಅಂದೆ. ಎಷ್ಟು ಆಳ, ಪೈಪು ಎಲ್ಲಿ ಬಂದು ಸೇರಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟ್ಯಾಂಕ್ ಆದ ಮೇಲೆ ಉಳಿದ ಇಳಿತವನ್ನು ಪೈಪಿಗೆ ಹಂಚಿದ್ದು. ಮೂಡುಬಿದಿರೆ ಕಡೆ ಪಾದೆ ಗಟ್ಟಿ ಅಂತ ಆಳ ತಪ್ಪಿಸ್ತಾರೆ, ಬಂಟ್ವಾಳದ ಹೊಳೆ ಬದಿಯಲ್ಲಿ ನೀರು ಏಳ್ತದೆ ಅಂತ ಟ್ಯಾಂಕ್ ಮೇಲೆ ಕೂರಿಸ್ತಾರೆ, ಬೆಳ್ತಂಗಡಿಯಲ್ಲಿ ಗುಡ್ಡೆ ಉಂಟಲ್ಲ, ತನ್ನಷ್ಟಕ್ಕೇ ಹೋಗ್ತದೆ ಅಂತಾರೆ. ಮೂರು ಕಡೆಯೂ ಅಳೆಯುವವರು ಇಲ್ಲ.

ಲೆಕ್ಕ ದೊಡ್ಡದಲ್ಲ ಮಾರಾಯ್ರೆ. ಇಂಗ್ಲೆಂಡಿನವರ ಒಂದು ಹಳೇ ಸೂತ್ರ ಉಂಟು, ಮ್ಯಾಗ್ವೈರ್ ಅಂತ ಹೆಸರು. ಪೈಪಿನ ಇಂಚನ್ನು ಹತ್ತರಿಂದ ಗುಣಿಸುವುದು. 4 ಇಂಚಿನ ಪೈಪಾದರೆ 40ಕ್ಕೆ 1. ಅಂದ್ರೆ 10 ಅಡಿಗೆ 3 ಇಂಚು, 20 ಅಡಿಯ ಒಂದು ಲೆಂತಿಗೆ ಅರ್ಧ ಅಡಿ. ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್ 4 ಇಂಚಿಗೆ 57ಕ್ಕೆ 1 ಅಂತ ಹೇಳ್ತದೆ, 10 ಅಡಿಗೆ 2 ಇಂಚು ಚಿಲ್ಲರೆ. ಆ ಲೆಕ್ಕದಲ್ಲಿ ನನ್ನ 60 ಅಡಿಗೆ ಹನ್ನೆರಡೂವರೆ ಇಂಚಿಗಿಂತ ಕಡಿಮೆ ಆಗಲೇಬಾರದಿತ್ತು. ಇದ್ದದ್ದು 8.

ಈಗ ನಮ್ಮೂರಿನ ಪ್ರಸಿದ್ಧ ವಾದಕ್ಕೆ ಬರುವ. "ಸ್ಲೋಪ್ ಜಾಸ್ತಿ ಆದರೆ ನೀರು ಓಡಿ ಹೋಗ್ತದೆ, ಗಟ್ಟಿ ಹಿಂದೆ ಉಳೀತದೆ." ಇದನ್ನು ಹೇಳದ ಮೇಸ್ತ್ರಿ ಇಲ್ಲ, ಕೇಳಿ ತಲೆ ಆಡಿಸದ ಯಜಮಾನನೂ ಇಲ್ಲ. ಹಾಗಾದರೆ ಬಿಲ್ಡಿಂಗ್ ಕೋಡ್ 4 ಇಂಚಿಗೆ ಸುಮಾರು ಐದೂವರೆಗೆ 1ರ ತನಕ ಯಾಕೆ ಬಿಡ್ತದೆ? ಅಂದ್ರೆ 10 ಅಡಿಗೆ 21 ಇಂಚು! ಆ ಮಿತಿ ಹಾಕಿದ್ದೂ ಗಟ್ಟಿ ಉಳೀತದೆ ಅಂತ ಅಲ್ಲ, ನೀರಿನ ರಭಸಕ್ಕೆ ಪೈಪು ಸವೆಯಬಾರದು ಅಂತ. ಹಟ್ಟಿ ತೊಳೆದ ನೀರು ತೋಟಕ್ಕೆ ಇಳಿಯುವ ಕಣಿ ನೋಡಿ, ಸೆಗಣಿ ನಿಲ್ಲುವುದು ಇಳಿಜಾರಿನಲ್ಲಾ, ಚಪ್ಪಟೆ ಇರುವಲ್ಲಾ? ಹೆಚ್ಚಾದ ಸ್ಲೋಪಿಗೆ ಹೆದರಿ ಕಡಿಮೆ ಕೊಡುವುದು ನಮ್ಮಲ್ಲಿ ಆಗುತ್ತಿರುವ ಅನಾಹುತ.

ಇನ್ನೊಂದು, "4 ಇಂಚು ಬೇಡ, 6 ಇಂಚು ಹಾಕುವ, ಸೇಫ್." ದೊಡ್ಡ ಪೈಪಿಗೆ ಸ್ಲೋಪ್ ಕಡಿಮೆ ಸಾಕು ಅನ್ನುವುದು ಪುಸ್ತಕದಲ್ಲಿ ಸರಿ, ಆದರೆ ಅದು ಪೈಪಿನ ತುಂಬ ನೀರು ಬರುವಾಗ. ನಾಲ್ಕು ಜನರ ಮನೆಯ ನೀರು 6 ಇಂಚಿನ ತಳದಲ್ಲಿ ಚಾಪೆಯ ಹಾಗೆ ಹರಡ್ತದೆ, ಏನನ್ನೂ ಎತ್ತಿಕೊಂಡು ಹೋಗುವುದಿಲ್ಲ.

ಮಾಡಿನ ನೀರನ್ನು ಇದೇ ಪೈಪಿಗೆ ಸೇರಿಸಿ "ಮಳೆಗಾಲದಲ್ಲಿ ತೊಳೆದು ಹೋಗ್ತದೆ" ಅನ್ನುವವರೂ ಇದ್ದಾರೆ. ಸಾವಿರ ಚದರಡಿ ಮಾಡಿಗೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗಿಂತ ಹೆಚ್ಚು ನೀರು. ತೊಳೆದು ಹೋಗುವುದು ಪೈಪಲ್ಲ, ಟ್ಯಾಂಕಿನಲ್ಲಿ ಇದ್ದದ್ದು. ಅದು ಇಂಗುಗುಂಡಿಗೆ, ಅಲ್ಲಿಂದ ಮತ್ತೆ ಬಾವಿಗೆ. ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಬೇಕು ಅಂತ ಭಾರತೀಯ ಮಾನಕ ಹೇಳ್ತದೆ. ನಮ್ಮ ಮುರಕಲ್ಲಿಗೆ ಅದೂ ಕಮ್ಮಿಯೇ.

ಬೇಸರ ಯಾಕೆ ಅಂದ್ರೆ, ನೀರಿನ ಓಟ ಗೊತ್ತಿಲ್ಲದ ಊರು ನಮ್ಮದಲ್ಲ. ಗುಡ್ಡೆಯೊಳಗೆ ಸುರಂಗ ತೋಡಿ ಪಂಪಿಲ್ಲದೆ ನೀರು ಹೊರಗೆ ತಂದವರು ನಮ್ಮ ಹಿರಿಯರು. ನಮ್ಮದೇ ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬದಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡೆಯಲ್ಲಿ ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಕುಡಿಯುವ ನೀರಿಗೆ ಅಷ್ಟು ನಾಜೂಕು ಗೊತ್ತಿದ್ದ ನಮಗೆ ಕೊಳೆ ನೀರು ಅಂದಕೂಡಲೇ ಅಸಡ್ಡೆ.

ಅಳೆಯುವುದಕ್ಕೆ ಇಂಜಿನಿಯರ್ ಬೇಡ. 10 ಅಡಿಯ ನೇರ ಅಡಕೆ ಸಲಾಕೆ ತಗೊಳ್ಳಿ, ಚೆನ್ನಾಗಿ ಕೀಸಿ. ಒಂದು ತುದಿಯ ಅಡಿಗೆ 3 ಇಂಚು ದಪ್ಪದ ಮರದ ತುಂಡು ಹೊಡೆಯಿರಿ. ಆ ತುದಿ ನೀರು ಹೋಗುವ ದಿಕ್ಕಿಗೆ ಇರಲಿ. ಚರಂಡಿಯ ತಳದಲ್ಲಿ ಇಟ್ಟು ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವಿಗೆ ಬಂದರೆ 40ಕ್ಕೆ 1 ಸರಿ. ಮೊದಲು ತಳ ಸರಿ ಮಾಡಿ, ತುಂಬಿಸಿದ ಮಣ್ಣಾದರೆ ದಮ್ಮಸು ಹೊಡೆದು ಗಟ್ಟಿ ಮಾಡಿ, ಮತ್ತೆ ಪೈಪು. ಟ್ಯಾಂಕಿನ ಬಾಯಿ ಎಲ್ಲಿ ಬರಬೇಕು ಅಂತ ಗುಂಡಿ ತೋಡುವ ಮೊದಲೇ ನೀರು ತುಂಬಿದ ಲೆವೆಲ್ ಪೈಪಿನಲ್ಲಿ ನೋಡಿ ಗುರುತು ಹಾಕಿ. ಮುಚ್ಚುವ ಮೊದಲು ಒಂದು ಕೊಡಪಾನ ನೀರು ಹೊಯ್ದು, ಕೊನೆಯಲ್ಲಿ ಎಲ್ಲ ಬಂತಾ ಅಂತ ನಿಂತು ನೋಡಿ. ದುಡ್ಡು ಕೊಡುವುದು ಆಮೇಲೆ.

ನನ್ನದು ಹೇಗೆ ಸರಿಯಾಯಿತು ಅಂದ್ರೆ, ಟ್ಯಾಂಕ್ ಇಳಿಸಲಿಕ್ಕಾಗಲಿಲ್ಲ, ಬಚ್ಚಲು ಏರಿಸಲಿಕ್ಕೂ ಆಗಲಿಲ್ಲ. ಪೈಪು 60 ಅಡಿ ಸುತ್ತಿದ್ದು ಅಡಕೆ ಒಣಗಿಸುವ ಸಿಮೆಂಟಂಗಳ ಕಡಿಯಬಾರದು ಅಂತ. ಕೊನೆಗೆ ಅಂಗಳ ಕಡಿದೆವು. ನೇರ ಹೋದರೆ 35 ಅಡಿ, ಅದೇ 8 ಇಂಚಿಗೆ ಸುಮಾರು 52ಕ್ಕೆ 1 ಸಿಕ್ಕಿತು. ಬಾವಿಯಿಂದಲೂ ದೂರವಾಯಿತು.

ಸಲಾಕೆ ನಮ್ಮ ಜಗಲಿಯಲ್ಲಿ ಉಂಟು, ಬೇಕಾದವರು ಬಂದು ತಗೊಂಡು ಹೋಗಿ. ವಾಪಸ್ ತನ್ನಿ ಮಾತ್ರ. ಮೊದಲು ಮಾಡಿದ್ದನ್ನು ಒಬ್ಬರು ತಗೊಂಡು ಹೋಗಿ ಬಸಳೆ ಚಪ್ಪರಕ್ಕೆ ಕಟ್ಟಿದ್ದಾರೆ.