ಲಾಡ್ಜಿನ ಮೆಟ್ಟಿಲಲ್ಲಿ ಬಿದ್ದರೆ ತಪ್ಪು ಯಾರದ್ದು?

ಮದುವೆ ಸೀರೆಗೆಂದು ಇಳಕಲ್ಲಿಗೆ ಹೋಗುತ್ತೇವೆ. ರಜೆಯಲ್ಲಿ ಮಕ್ಕಳಿಗೆ ಬಾದಾಮಿ, ಹುನಗುಂದ ತಾಲೂಕಿನ ಐಹೊಳೆ ತೋರಿಸಿ ಬಾಗಲಕೋಟೆಯಲ್ಲಿ ರೂಮ್ ಮಾಡುತ್ತೇವೆ. ಅಲ್ಲಿ ಲಾಡ್ಜಿನ ಮೆಟ್ಟಿಲ ರೇಲಿಂಗ್ ಕಿತ್ತುಬಂದು ನಮ್ಮವರೊಬ್ಬರು ಬಿದ್ದು ಕಾಲು ಮುರಿದುಕೊಂಡರು ಎಂದಿಟ್ಟುಕೊಳ್ಳಿ. ‘ನೋಡಿ ನಡೀಬಾರದಿತ್ತಾ?’ ಎಂದು ಮಾಲಕರು ಕೇಳುತ್ತಾರೆ. ನಾವೂ ‘ವಿಧಿ, ಏನು ಮಾಡೋದು’ ಎಂದು ಮನೆಗೆ ಬರುತ್ತೇವೆ. ಆಸ್ಪತ್ರೆ ಬಿಲ್ಲು, ಹೋದ ಸಂಪಾದನೆ ಎರಡೂ ನಮ್ಮ ತಲೆಗೇ.

ಕಾನೂನು ಹಾಗೆ ಹೇಳುವುದಿಲ್ಲ. 1951ರಲ್ಲಿ ದಿಲ್ಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ದಾರಿಹೋಕರು ಸತ್ತರು. ಗೋಪುರಕ್ಕೆ ಸುಮಾರು 80 ವರ್ಷ. ಅದರ ಗಾರೆಗೆ ಬಾಳಿಕೆ 40-45 ವರ್ಷ. 1966ರಲ್ಲಿ ಸುಪ್ರೀಂ ಕೋರ್ಟ್, ಕುಸಿತವೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ದೋಷ ಕಣ್ಣಿಗೆ ಕಾಣದಿದ್ದರೂ ಮಾಲಕರೇ ಹೊಣೆ ಎಂದಿತು. 1997ರಲ್ಲಿ ಅದೇ ನಗರದ ಉಪಹಾರ್ ಚಿತ್ರಮಂದಿರದ ಬೆಂಕಿಗೆ 59 ಮಂದಿ ಬಲಿಯಾದರು. ಹೆಚ್ಚುವರಿ ಸೀಟು ಹಾಕಿ ಹೊರಹೋಗುವ ದಾರಿಯನ್ನೇ ಮುಚ್ಚಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ 85 ಶೇಕಡಾವನ್ನು ಚಿತ್ರಮಂದಿರದವರ ಮೇಲೆ ಹಾಕಿತು.

ನಮ್ಮ ಧಾರವಾಡದಲ್ಲಿ 2019ರ ಮಾರ್ಚಿನಲ್ಲಿ ವಾಣಿಜ್ಯ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅಂಥ ದುರಂತವಾದರೆ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ. ಒಬ್ಬರೇ ಬಿದ್ದಾಗ ಯಾರೂ ಬರುವುದಿಲ್ಲ. ಬಿದ್ದವರೇ ಹೋಗಬೇಕು. ಎಲ್ಲಿಗೆ?

ಮೊದಲನೆಯದು ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಉಳಿದವರು, ಉಂಡವರು ಗ್ರಾಹಕರು. ಅಲ್ಲಿನ ಅಸುರಕ್ಷತೆ ಸೇವಾ ನ್ಯೂನತೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬಿಲ್ಲು ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 2019ರ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಾದಾಮಿಯಲ್ಲಿ ಬಿದ್ದ ಮಂಗಳೂರಿನವರು ಮಂಗಳೂರಲ್ಲೇ ಕೇಳಬಹುದು. ಮಾಹಿತಿಗೆ 1915ಕ್ಕೆ ಕರೆ ಮಾಡಿ.

ಎರಡನೆಯದು ಸಿವಿಲ್ ಕೋರ್ಟ್. ಏನೂ ಖರೀದಿಸದೆ ಅಂಗಡಿಯೊಳಗೆ ಬಿದ್ದವರಿಗೂ, ಬೋರ್ಡ್ ತಲೆಗೆ ಬಿದ್ದ ದಾರಿಹೋಕರಿಗೂ ಇದೇ ದಾರಿ. ಮೂರನೆಯದು ಪೊಲೀಸ್ ದೂರು. ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್, ಸಾವಾದರೆ 106ನೇ ಸೆಕ್ಷನ್ ಇದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಆದರೆ ಕೇಸು ಹಾಳಾಗುವುದು ಹೆಚ್ಚಾಗಿ ಮೊದಲ ದಿನವೇ. ಪೊಲೀಸ್ ರಗಳೆ ಬೇಡವೆಂದು ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದದ್ದು’ ಎಂದು ಬರೆಸುತ್ತೇವೆ. ಆಮೇಲೆ ಆ ಕಾಗದವೇ ನಮ್ಮ ವಿರುದ್ಧ ನಿಲ್ಲುತ್ತದೆ. ಎಲ್ಲಿ, ಹೇಗೆ ಬಿದ್ದೆವು ಎಂಬುದನ್ನು ಇದ್ದ ಹಾಗೆ ಬರೆಸಿ. ಮುರಿದ ಜಾಗದ ಫೋಟೋ ತೆಗೆಯಿರಿ, ನೋಡಿದವರ ನಂಬರ್ ಪಡೆಯಿರಿ, ಬಿಲ್ಲು ಇಟ್ಟುಕೊಳ್ಳಿ. ಸಿಸಿಟಿವಿ ದೃಶ್ಯ ಅಳಿಸಬಾರದೆಂದು ಮಾಲಕರಿಗೆ ಬರೆದು ಕೊಡಿ. ಐದೋ ಹತ್ತೋ ಸಾವಿರ ಪಡೆದು ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಸುಳ್ಳೂ ಸೇರಿಸಬೇಡಿ, ನಮ್ಮ ಅಜಾಗ್ರತೆಯೂ ಇದ್ದರೆ ಪರಿಹಾರ ಕಡಿಮೆಯಾಗಬಹುದು.

ಇನ್ನು ನಮ್ಮಲ್ಲಿ ವ್ಯಾಪಾರಸ್ಥರೂ ಇದ್ದಾರೆ, ಘಟ್ಟದ ಮೇಲೆ ಹೋಗಿ ಹೋಟೆಲ್, ಬೇಕರಿ ಇಟ್ಟವರೂ ಇದ್ದಾರೆ. ‘ಕಟ್ಟಡ ನಮ್ಮದಲ್ಲ, ಬಾಡಿಗೆಯದ್ದು’ ಎಂದರೆ ಮುಗಿಯುವುದಿಲ್ಲ. ದೂರುದಾರರು ಇಬ್ಬರನ್ನೂ ಪಾರ್ಟಿ ಮಾಡಬಹುದು. ರಿಪೇರಿ ಯಾರದ್ದೆಂದು ಬಾಡಿಗೆ ಪತ್ರದಲ್ಲೇ ಬರೆಸಿ. ಗಿರಾಕಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆಯೂ ಅಂಗಡಿಗಳಿಗೆ ಸಿಗುತ್ತದೆ. ಬಿದ್ದಾಗ ಹಕ್ಕು ಕೇಳುವ ನಾವು, ನಮ್ಮ ಅಂಗಡಿಯ ಸಡಿಲ ಹಲಗೆಯನ್ನು ನಾಳೆಗೆ ಬಿಡುವುದು ನ್ಯಾಯವಲ್ಲ. ಇವತ್ತು ಬಾಗಿಲು ಹಾಕುವ ಮೊದಲು ಒಮ್ಮೆ ಮೆಟ್ಟಿಲು, ಬೋರ್ಡ್, ವಯರಿಂಗ್ ನೋಡಿಕೊಳ್ಳೋಣ.